ಡಬಲ್ ಬಾಸ್‌ನಿಂದ ಫ್ರೆಟ್‌ಲೆಸ್ ಬಾಸ್ ಗಿಟಾರಿಗೆ: ಎರಡನ್ನೂ ನುಡಿಸಿ ನೋಡಿದಾಗ

ಪಿಟೀಲನ್ನು ಹೋಲುವ ಆಳೆತ್ತರದ ವಾದ್ಯವಾದ ಡಬಲ್ ಬಾಸ್ ನುಡಿಸಬಲ್ಲವರಿಗೆ ಫ್ರೆಟ್‌ಲೆಸ್ ಬಾಸ್ ಗಿಟಾರ್ ತಾನಾಗಿಯೇ ಒಲಿಯುತ್ತದೆ ಎಂಬ ನಂಬಿಕೆ ವಾದಕರಲ್ಲಿ ವ್ಯಾಪಕವಾಗಿದೆ. ಎರಡಕ್ಕೂ ಫ್ರೆಟ್‌ಗಳಿಲ್ಲ (ಸ್ವರಸ್ಥಾನಗಳಲ್ಲಿ ಕೂರಿಸುವ ಲೋಹದ ಅಡ್ಡಪಟ್ಟಿಗಳು), ಎರಡರ ನಾಲ್ಕು ತಂತಿಗಳನ್ನೂ ಸಾಮಾನ್ಯವಾಗಿ ಇ, ಎ, ಡಿ, ಜಿ ಎಂದೇ ಶ್ರುತಿ ಮಾಡುತ್ತಾರೆ, ಎರಡೂ ಬರೆದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಆದರೆ ಒಂದೇ ಬಗೆಯ ಜಾಝ್ ರಚನೆಗಳನ್ನು, ಒಂದೇ ತಂಡದೊಡನೆ, ಒಮ್ಮೆ ಇದರಲ್ಲಿ ಒಮ್ಮೆ ಅದರಲ್ಲಿ ನುಡಿಸಿ ನೋಡಿದ ನನಗೆ ಕಂಡದ್ದೆಂದರೆ, ಡಬಲ್ ಬಾಸ್‌ನಿಂದ ಕಿವಿಯಷ್ಟೇ ಜೊತೆಗೆ ಬರುತ್ತದೆ, ಎರಡು ಕೈಗಳೂ ಬಹುಮಟ್ಟಿಗೆ ಹೊಸದಾಗಿ ಕಲಿಯಬೇಕಾಗುತ್ತದೆ.

ಮೊದಲು ಎಡಗೈ. ಹೆಚ್ಚಿನವರು ಬಳಸುವ ಮುಕ್ಕಾಲು ಅಳತೆಯ ಡಬಲ್ ಬಾಸ್‌ನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 105 ಸೆಂ.ಮೀ. ಇದ್ದರೆ, ಬಾಸ್ ಗಿಟಾರಿನಲ್ಲಿ ಅದು ಸಾಮಾನ್ಯವಾಗಿ 34 ಅಂಗುಲ, ಅಂದರೆ 86 ಸೆಂ.ಮೀ.ಗಿಂತ ತುಸು ಹೆಚ್ಚು. ಇ ತಂತಿಯ ಮೇಲೆ ಎಫ್‌ನಿಂದ ಜಿ ವರೆಗಿನ ಅಂತರ ಡಬಲ್ ಬಾಸ್‌ನಲ್ಲಿ ಸುಮಾರು 11 ಸೆಂ.ಮೀ., ಗಿಟಾರಿನಲ್ಲಿ 9. ಆದ್ದರಿಂದ ತೋರುಬೆರಳು, ಮಧ್ಯದ ಬೆರಳು ಮತ್ತು ಕಿರುಬೆರಳನ್ನು ಮಾತ್ರ ಎಣಿಕೆಗೆ ಹಿಡಿಯುವ ಸಿಮಾಂಡ್ಲ್ ಪದ್ಧತಿಯನ್ನು ಗಿಟಾರಿನ ತಗ್ಗು ಸ್ವರಗಳ ಭಾಗದಲ್ಲಿ ಹಾಗೆಯೇ ಉಳಿಸಿಕೊಳ್ಳಬಹುದು; ಐದನೆಯ ಸೆಮಿಟೋನಿನಿಂದ (ಸೆಮಿಟೋನ್ ಎಂದರೆ ಅರ್ಧ ಸ್ವರದ ಅಂತರ) ಮೇಲಕ್ಕೆ ಬೆರಳಿಗೊಂದು ಸೆಮಿಟೋನ್ ಎಂಬ ಗಿಟಾರಿನವರ ಕ್ರಮವೇ ಹೆಚ್ಚು ಹಿತ. ಕಳೆದುಹೋಗುವುದು ಇನ್ನೊಂದಿದೆ. ಡಬಲ್ ಬಾಸ್‌ನ ಕುತ್ತಿಗೆ ಒಡಲಿಗೆ ಕೂಡುವಲ್ಲಿ ಹೆಬ್ಬೆರಳು ತಗುಲಿದೊಡನೆ, ಹಲವು ವಾದ್ಯಗಳಲ್ಲಿ, ಜಿ ತಂತಿಯ ಡಿ ಸ್ವರ ತೋರುಬೆರಳಿನಡಿಯಲ್ಲೇ ಇದೆಯೆಂದು ಕಣ್ಣು ಮುಚ್ಚಿಕೊಂಡೇ ತಿಳಿಯುತ್ತದೆ. ಗಿಟಾರಿನಲ್ಲಿ ಆ ಬಗೆಯ ನೆಲೆ ಇಲ್ಲ. ಕುತ್ತಿಗೆಯ ಅಂಚಿನ ಚುಕ್ಕೆಗಳನ್ನು ನೋಡಬೇಕು. ಕೆಲವು ತಯಾರಕರು ಈ ಚುಕ್ಕೆಗಳನ್ನು ಸ್ವರವಿರುವ ಜಾಗದಲ್ಲೇ ಇಡುತ್ತಾರೆ, ಮತ್ತೆ ಕೆಲವರು ಫ್ರೆಟ್ ಇರುವ ಗಿಟಾರಿನಂತೆ ಎರಡು ಸ್ವರಗಳ ನಡುವೆ ಇಡುತ್ತಾರೆ. ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಫ್ರೆಟ್‌ಗಳ ಜಾಗದಲ್ಲಿ ಗೆರೆ ಎಳೆದ ಮಾದರಿಯನ್ನೂ ಗೆರೆಯಿಲ್ಲದ ಮಾದರಿಯನ್ನೂ ನುಡಿಸಿದ್ದೇನೆ. ಗೆರೆಯಿದ್ದಾಗ ಬೆರಳನ್ನು ಅದರ ಹಿಂದೆ ಅಲ್ಲ, ನೇರವಾಗಿ ಅದರ ಮೇಲೆಯೇ ಇಡಬೇಕು. ಡ್ರಮ್ಸ್ ಜೋರಾಗಿ, ತನ್ನ ವಾದ್ಯ ತನಗೇ ಕೇಳದ ವೇದಿಕೆಯಲ್ಲಿ ಗೆರೆ ಕೈ ಹಿಡಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಕಿವಿಯಿಂದ ಸ್ವರ ಹುಡುಕುವುದನ್ನು ಆಗಲೇ ಕಲಿತವರಿಗೆ ಗೆರೆಯಿಲ್ಲದ್ದೇ ಮೇಲು. ಗೆರೆಯಿದ್ದರೆ ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣು ಕಸಿದುಕೊಳ್ಳುತ್ತದೆ.

ನಿಜವಾದ ವ್ಯತ್ಯಾಸವಿರುವುದು ಸ್ವರ ನಿಲ್ಲುವ ಕಾಲದಲ್ಲಿ. ಡಬಲ್ ಬಾಸ್‌ನಲ್ಲಿ ತಂತಿಯನ್ನು ಮೀಟಿದಾಗ ಅದರ ಶಕ್ತಿ ತಂತಿಗಳನ್ನು ಹೊತ್ತ ಬ್ರಿಡ್ಜ್ ಮೂಲಕ ಟೊಳ್ಳು ಒಡಲಿಗೆ ಇಳಿದು ಬೇಗನೆ ಗಾಳಿಗೆ ಸೇರಿಹೋಗುತ್ತದೆ. ಸ್ವರ ದಪ್ಪವಾಗಿ ಹುಟ್ಟಿ ಕೂಡಲೇ ಕರಗುತ್ತದೆ. ಎಣಿಕೆಗೊಂದು ಸ್ವರದಂತೆ ಸಾಗುವ ವೇಗದ ವಾಕಿಂಗ್ ಬಾಸ್‌ನಲ್ಲಿ ಒಂದು ಸ್ವರ ಕೂದಲೆಳೆಯಷ್ಟು ತಗ್ಗಿದ್ದರೂ ಕೇಳುಗ ಗಮನಿಸುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಟೊಳ್ಳಿಲ್ಲದ ಗಟ್ಟಿ ಮರದ ಗಿಟಾರ್ ಆ ಶಕ್ತಿಯನ್ನು ತಂತಿಯಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಸ್ವರ ಬಹಳ ಹೊತ್ತು ನಿಲ್ಲುತ್ತದೆ, ತಪ್ಪಿದ್ದರೆ ತಪ್ಪೂ ಅಷ್ಟೇ ಹೊತ್ತು ನಿಲ್ಲುತ್ತದೆ. ಸಾಲದ್ದಕ್ಕೆ ಅಳತೆಯೂ ಚಿಕ್ಕದು: ತೆರೆದ ತಂತಿಗಿಂತ ಒಂದು ಸ್ಥಾಯಿ ಮೇಲೆ ಗಿಟಾರಿನ ಸೆಮಿಟೋನ್ ಸುಮಾರು 24 ಮಿ.ಮೀ. ಮಾತ್ರ, ಅಲ್ಲಿ 3 ಮಿ.ಮೀ. ಸರಿದರೆ ಸೆಮಿಟೋನಿನ ಎಂಟನೆಯ ಒಂದು ಭಾಗ ಸರಿದಂತೆ. ನಿಧಾನ ಗತಿಯ ರಚನೆಯೊಂದರಲ್ಲಿ ಜಿ ತಂತಿಯ ಮೇಲೆ ಸಿ ಹಿಡಿದು ಪಿಯಾನೋದ ಜೊತೆ ನಿಂತಾಗ ಇದು ಮುಚ್ಚುಮರೆಯಿಲ್ಲದೆ ಗೊತ್ತಾಗುತ್ತದೆ. ಪಿಯಾನೋ ಸ್ವರ ಬಾಸ್‌ಗಾಗಿ ಅಲುಗಾಡುವುದಿಲ್ಲ, ಎರಡರ ನಡುವಿನ ಕಂಪನ ಅಲೆಯಲೆಯಾಗಿ ಕೇಳಿಸುತ್ತಲೇ ಇರುತ್ತದೆ. ಬೆರಳನ್ನು ಅಲುಗಾಡಿಸಿ ಈ ಕೊರತೆಯನ್ನು ಮುಚ್ಚುವ ಚಾಳಿ ಫ್ರೆಟ್‌ಲೆಸ್ ವಾದಕರಲ್ಲಿ ಹೆಚ್ಚು. ನನಗೆ ಅದು ಹಿಡಿಸುವುದಿಲ್ಲ.

ಆದರೆ ಇದೇ ಗುಣ ವಾದ್ಯದ ಸಿರಿಯೂ ಹೌದು. ಅಮೆರಿಕದ ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ಫ್ರೆಟ್ ಕಿತ್ತ 1962ರ ಫೆಂಡರ್ ಜಾಝ್ ಬಾಸ್ ಗಿಟಾರಿನ ಫಿಂಗರ್‌ಬೋರ್ಡಿಗೆ (ಬೆರಳೊತ್ತುವ ಹಲಗೆ) ಎಪಾಕ್ಸಿ ಎಂಬ ಗಟ್ಟಿ ರಾಳ ಲೇಪಿಸಿ ನುಡಿಸಿದ ಹಾಡುವ ಧ್ವನಿ, ಅಷ್ಟು ಹೊತ್ತು ನಿಲ್ಲುವ ಸ್ವರವಿಲ್ಲದೆ ಸಾಧ್ಯವೇ ಇರಲಿಲ್ಲ. ಕರ್ನಾಟಕ ಸಂಗೀತದ ಜಾರು ಗಮಕವನ್ನು ಡಬಲ್ ಬಾಸ್‌ನಲ್ಲಿ ಮೀಟಿ ಎಳೆದರೆ ಅರ್ಧ ದಾರಿಯಲ್ಲೇ ನಾದ ಬತ್ತುತ್ತದೆ. ಫ್ರೆಟ್‌ಲೆಸ್‌ನಲ್ಲಿ ಅದು ಷಡ್ಜದಿಂದ ಪಂಚಮದವರೆಗೂ ನಿರಾಯಾಸವಾಗಿ ತಲುಪುತ್ತದೆ.

ಬಲಗೈಯ ಬದಲಾವಣೆ ಇದಕ್ಕಿಂತ ಕಷ್ಟದ್ದು. ಡಬಲ್ ಬಾಸ್‌ನಲ್ಲಿ ತೋರುಬೆರಳನ್ನು ತಂತಿಯುದ್ದಕ್ಕೂ ಮಲಗಿಸಿ, ಅದರ ಪಕ್ಕದಿಂದ, ಇಡೀ ತೋಳಿನ ಭಾರ ಹಾಕಿ ಎಳೆಯುತ್ತೇವೆ. ಅದೇ ಬಲವನ್ನು ಫಿಂಗರ್‌ಬೋರ್ಡಿಗೆ ಕೆಲವೇ ಮಿಲಿಮೀಟರ್ ಎತ್ತರದಲ್ಲಿರುವ ಗಿಟಾರ್ ತಂತಿಗೆ ಹಾಕಿದರೆ ಅದು ಮರಕ್ಕೆ ಬಡಿದು ಕಟಕಟ ಎನ್ನುತ್ತದೆ. ಬೆರಳ ತುದಿಯಿಂದ ಹಗುರವಾಗಿ ಮೀಟಿ, ಉಳಿದ ಬಲವನ್ನು ಆಂಪ್ಲಿಫೈಯರಿಗೆ ಬಿಡಬೇಕು. ಬ್ರಿಡ್ಜ್ ಹತ್ತಿರ ಮೀಟಿದರೆ ಮೂಗಿನಿಂದ ಹಾಡಿದಂಥ ಧ್ವನಿ, ಕುತ್ತಿಗೆಯ ತುದಿಯಲ್ಲಿ ಮೀಟಿದರೆ ಡಬಲ್ ಬಾಸ್‌ಗೆ ಹತ್ತಿರವಾದ ಧ್ವನಿ ಬರುತ್ತದೆ. ಬ್ರಿಡ್ಜ್ ಬಳಿ ತಂತಿಗಳಡಿಗೆ ಸ್ಪಂಜಿನ ತುಂಡು ಸೇರಿಸಿದರೆ ಇನ್ನೂ ಹತ್ತಿರ. ನುಡಿಸದ ತಂತಿಗಳನ್ನು ಎರಡೂ ಕೈಗಳಿಂದ ಅದುಮಿಡುವ ಶಿಸ್ತನ್ನು ಮಾತ್ರ ಡಬಲ್ ಬಾಸ್ ಕಲಿಸಿರುವುದಿಲ್ಲ.

ತಂತಿಯ ವಿಷಯದಲ್ಲಿ ನನ್ನ ಆಯ್ಕೆ ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್. ದುಂಡು ಸುತ್ತಿನ ರೌಂಡ್‌ವೌಂಡ್ ತಂತಿ ಹೆಚ್ಚು ಹೊಳಪಿನಿಂದ ನುಡಿಯುತ್ತದೆ, ಆದರೆ ಲೇಪನವಿಲ್ಲದ ಫಿಂಗರ್‌ಬೋರ್ಡನ್ನು ಅರದಂತೆ ಸವೆಸುತ್ತದೆ. ಗಿಟಾರುಗಳಲ್ಲಿ ಹೇರಳವಾಗಿ ಬಳಕೆಯಾಗುವ ರೋಸ್‌ವುಡ್ ನಮ್ಮ ಮಲೆನಾಡಿನ ಬೀಟೆಯೇ. ಅದು ಗಟ್ಟಿ ಮರವಾದರೂ ಡಬಲ್ ಬಾಸ್‌ನ ಎಬೊನಿಯಷ್ಟು ತಡೆಯುವುದಿಲ್ಲ.

ಸಾಗಣೆಯಲ್ಲಿ ಹೋಲಿಕೆಯೇ ಇಲ್ಲ. ಆಳೆತ್ತರದ ಡಬಲ್ ಬಾಸ್ ಆಟೋದಲ್ಲಿ ಹಿಡಿಸುವುದಿಲ್ಲ, ಮಳೆಗಾಲದ ತೇವಕ್ಕೆ ಅದರ ಮೇಲ್ಹಲಗೆ ಉಬ್ಬಿ ತಂತಿಗಳು ಎತ್ತರವಾಗುತ್ತವೆ, ಮೈಕ್ ಇಟ್ಟರೆ ದೊಡ್ಡ ವೇದಿಕೆಯಲ್ಲಿ ಊಳಿಡುತ್ತದೆ. ಈ ತೊಂದರೆಗಳಿಗೆ ಪರಿಹಾರವಾಗಿಯೇ ಫೆಂಡರ್ ಕಂಪನಿ 1951ರಲ್ಲಿ ಫ್ರೆಟ್ ಇರುವ ಪ್ರಿಸಿಷನ್ ಬಾಸ್ ತಂದಿತು. 1966ರಲ್ಲಿ ಆಂಪೆಗ್ ಕಂಪನಿ, 1970ರಲ್ಲಿ ಸ್ವತಃ ಫೆಂಡರ್, ಫ್ರೆಟ್ ಇಲ್ಲದ ಮಾದರಿಗಳನ್ನೂ ಮಾರುಕಟ್ಟೆಗೆ ಬಿಟ್ಟವು.

ಕಮಾನಿನಿಂದ ನುಡಿಸುವವರಿಗೆ ಮಾತ್ರ ಈ ಬದಲಾವಣೆ ಒಪ್ಪುವಂಥದ್ದಲ್ಲ. ಗಿಟಾರಿನ ಬ್ರಿಡ್ಜ್ ಹೆಚ್ಚುಕಡಿಮೆ ಚಪ್ಪಟೆಯಾಗಿರುವುದರಿಂದ ಕಮಾನು ನಡುವಿನ ತಂತಿಯೊಂದನ್ನೇ ಮುಟ್ಟಲಾರದು. ಡ್ರಮ್ಸ್ ಇರುವ ಕಾರ್ಯಕ್ರಮಗಳಿಗೆ ಮತ್ತು ಪ್ರಯಾಣಕ್ಕೆ ನಾನು ಫ್ರೆಟ್‌ಲೆಸ್ ಒಯ್ಯುತ್ತೇನೆ. ಪಿಯಾನೋ ಜೊತೆಗಿನ ಸಣ್ಣ ಕಛೇರಿಗಳಿಗೆ ಇಂದಿಗೂ ಡಬಲ್ ಬಾಸ್. ಅಭ್ಯಾಸವನ್ನು ಡಬಲ್ ಬಾಸ್‌ನಿಂದಲೇ ಆರಂಭಿಸಿ ಆಮೇಲೆ ಗಿಟಾರ್ ಹಿಡಿಯುತ್ತೇನೆ, ಏಕೆಂದರೆ ಗಿಟಾರಿನ ಸಲೀಸಿಗೆ ಒಗ್ಗಿದ ಬೆರಳು ಅದೇ ದಿನ ಡಬಲ್ ಬಾಸ್‌ನ ತಂತಿಯನ್ನು ಪೂರ್ತಿ ಒತ್ತಲು ಹಿಂಜರಿಯುತ್ತದೆ.