ಬಾಡಿಗೆ ಮನೆ ಬಿಡ್ತಿದ್ದೀರಾ? ನನ್ನ ಹಾಗೆ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ

ಬರೆಯಲು ನನಗೇ ನಾಚಿಕೆ. ಬೆಂಗಳೂರಿನಲ್ಲಿ ಇದು ನನ್ನ ಐದನೇ ಬಾಡಿಗೆ ಮನೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ ಅನ್ನೋದು ಗೊತ್ತಿಲ್ಲದವನಲ್ಲ. ಆದರೂ ಬಿದ್ದೆ.

ಜೆ.ಪಿ. ನಗರದ ಅಪಾರ್ಟ್‌ಮೆಂಟ್. ಬಾಡಿಗೆ 24,000, ಅಡ್ವಾನ್ಸ್ ಒಂದೂವರೆ ಲಕ್ಷ. ಮೂರು ವರ್ಷದಲ್ಲಿ ಒಂದು ತಿಂಗಳೂ 5ನೇ ತಾರೀಕು ದಾಟಿಸಿಲ್ಲ.

ಶನಿವಾರ ಸಾಮಾನೆಲ್ಲ ಟೆಂಪೋಗೆ ಏರಿಸಿ ಹಗ್ಗ ಬಿಗಿದಾಗಿತ್ತು. ಸೆಕ್ಯುರಿಟಿಯವನು ಗೇಟ್ ತೆಗೆಯಲಿಲ್ಲ. "ಪಾಸ್ ಕೊಡಿ ಸರ್." ಯಾವ ಪಾಸು? ಅಸೋಸಿಯೇಷನ್‌ಗೆ ಮೂವ್ ಔಟ್ ಚಾರ್ಜು ಅಂತ 5,000 ಕಟ್ಟಬೇಕಂತೆ! ಓನರ್‌ಗೆ ಫೋನ್ ಮಾಡಿದರೆ "ಅದು ಅಸೋಸಿಯೇಷನ್ ವಿಷಯ". ಅಸೋಸಿಯೇಷನ್‌ನವರು "ಓನರ್‌ನ ಕೇಳಿ". ಟೆಂಪೋದವನು ವೇಟಿಂಗ್ ಚಾರ್ಜು ನೆನಪಿಸುತ್ತಿದ್ದ. ಅಮ್ಮ ಬಿಸಿಲಲ್ಲಿ ಕುಕ್ಕರ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಕಟ್ಟಿದೆ. ಇನ್ನೇನು ಮಾಡಲಿ?

ಕೀ ಕೊಡಲು ಹೋದಾಗ ಓನರ್ ಪೆನ್ಸಿಲ್ ಹಿಡಿದು ಗೋಡೆಯ ಮೊಳೆ ತೂತು ಎಣಿಸಿದರು. ಹೌದು, ಎಣಿಸಿದರು! ಒಂಬತ್ತು. ತೂತಿಗೆ 300. ನಾಲ್ಕು ನಾವು ಬರುವ ಮೊದಲೇ ಇದ್ದವು ಅಂದೆ. "ಫೋಟೋ ಇದೆಯಾ?" ಇರಲಿಲ್ಲ. ಬಾಯಿ ಕಟ್ಟಿತು. ಡೀಪ್ ಕ್ಲೀನಿಂಗ್ 6,500, ಗೀಸರ್ ಸರ್ವಿಸ್ 1,800, ಪೇಂಟಿಂಗ್ 24,000. ಒಟ್ಟು 35,000 ಹೋಯಿತು. ಗೇಟಿನ 5,000 ಬೇರೆ. ಬಿಲ್ ಕೇಳಿದ್ದಕ್ಕೆ "ನಿಮ್ಮನ್ನ ಮನೆಯವರ ಥರ ನೋಡ್ಕೊಂಡಿದ್ವಿ, ಹೀಗಾ ಮಾತಾಡೋದು?" ಬೇಜಾರು ಅವರಿಗಂತೆ! ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಇಲ್ಲ ಅಂದೆ. "ಅದು ಡೆಲ್ಲಿಯವರ ಮಾದರಿ. ನಿಮ್ಮ ಅಗ್ರಿಮೆಂಟ್ ಓದಿದ್ದೀರಾ?" ಓದಿರಲಿಲ್ಲ. 'ಇತರೆ ಖರ್ಚು' ಅಂತ ಒಂದು ಸಾಲಿತ್ತು.

ನಾಲ್ಕೇ ದಿನಕ್ಕೆ ಹೊಸಬರು ಬಂದರು. ಎದುರು ಮನೆಯವರು ಹಾಲು ಉಕ್ಕಿಸಿದ ಫೋಟೋ ಕಳಿಸಿದ್ದರು. ಹಿಂದಿನ ಗೋಡೆಯಲ್ಲಿ ನನ್ನ ಮಗಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು ಹಾಗೇ ಇವೆ. ಹಾಗೇ! ಪೇಂಟಿಂಗ್ ಎಲ್ಲಿ? ಕೇಳಿದೆ. "ಮಳೆ ನಿಲ್ಲಲಿ, ಮಾಡಿಸ್ತೀವಿ" ಅಂದರು.

ನೀವಾದರೂ ಮನೆಗೆ ಹೋಗುವ ದಿನವೇ ಎಲ್ಲಾ ಗೋಡೆ, ನಲ್ಲಿ, ಸ್ವಿಚ್ಚಿನ ವಿಡಿಯೋ ತೆಗೆದಿಡಿ. ಟೆಂಪೋ ಹೇಳುವ ಮೊದಲು ಅಸೋಸಿಯೇಷನ್ ಆಫೀಸಿಗೆ ಹೋಗಿ ಕೇಳಿ. ಮನೆಯವರ ಥರ ಅನ್ನೋ ಓನರ್ ಸಿಕ್ಕರೆ ಇನ್ನೂ ಹುಷಾರು.

ಇವತ್ತು ಬೆಳಿಗ್ಗೆ ಮತ್ತೆ ಮೆಸೇಜು: ಸಿಂಕಿನ ನಲ್ಲಿಗೆ ವಾಷರ್ ಹಾಕಿಸಿದ್ದಾರಂತೆ, 180 ರೂಪಾಯಿ ಗೂಗಲ್ ಪೇ ಮಾಡಬೇಕಂತೆ.