ಸಂಬಳದ ತಂತ್ರಾಂಶದ ಲಾಗ್: ಸಾದಾ ಸಾಲೋ, ಜೇಸನ್ನೋ?

ಬೆಂಗಳೂರಿನಲ್ಲಿ ನಿಮ್ಮದು ಐವತ್ತು ಜನರ ಕಚೇರಿ, ಪೇರೋಲ್ ಓಡುವುದು ಒಂದೇ ಸರ್ವರ್‌ನಲ್ಲಿ ಎಂದಾದರೆ ಲಾಗ್‌ಗೆ, ಅಂದರೆ ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ಫೈಲ್‌ಗೆ, ಸಾದಾ ಸಾಲು ಸಾಕು. ಫೈಲ್ ತೆರೆದರೆ ಕಣ್ಣಿಗೇ ಕಾಣುತ್ತದೆ, ಗ್ರೆಪ್ (ಪದ ಹುಡುಕುವ ಆಜ್ಞೆ) ಹಾಕಿದರೆ ಸಿಗುತ್ತದೆ. ಜೇಸನ್ ಎಂದರೆ ಪ್ರತಿ ಮಾಹಿತಿಗೂ ಹೆಸರು ಕೊಟ್ಟು ಬರೆಯುವ ರೀತಿ; ಅದರಲ್ಲಿ ಫೈಲ್ ದಪ್ಪವಾಗುತ್ತದೆ, ಬರಿಗಣ್ಣಿಗೆ ಓದಲು ತ್ರಾಸ.

ಲೆಕ್ಕ ತಪ್ಪಿದ ದಿನದ ಮಾತೇ ಬೇರೆ. ಕರ್ನಾಟಕದಲ್ಲಿ ಸಂಬಳ 25,000 ರೂಪಾಯಿ ಮುಟ್ಟಿದವರಿಗೆ ವೃತ್ತಿ ತೆರಿಗೆ ತಿಂಗಳಿಗೆ 200; 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300. ಫೆಬ್ರವರಿಯಲ್ಲೂ 200 ಮುರಿದುಕೊಂಡದ್ದು ಯಾರ್‍ಯಾರಿಗೆ ಎಂದು ಹುಡುಕಬೇಕೆನ್ನಿ. ಒಂದು ಕಡೆ ‘ವೃತ್ತಿ ತೆರಿಗೆ 200 ಕಡಿತ’, ಇನ್ನೊಂದು ಕಡೆ ‘ಪಿಟಿ ಕಡಿತ: 200’ ಎಂದು ಬರೆಸಿದ್ದರೆ ಸಾದಾ ಲಾಗ್‌ನಲ್ಲಿ ಅರ್ಧ ಜನ ಕೈತಪ್ಪುತ್ತಾರೆ. ಜೇಸನ್‌ನಲ್ಲಿ {"ಸಿಬ್ಬಂದಿ": 1042, "ಕಡಿತ": "ವೃತ್ತಿತೆರಿಗೆ", "ಮೊತ್ತ": 200} ಎಂದಿದ್ದರೆ ಮೊತ್ತದ ಮೇಲೆ ಸೋಸಿದರೆ ಮುಗಿಯಿತು.

ಯಾವುದನ್ನೇ ಆರಿಸಿ, ಸಮಯದ ಜೊತೆ +05:30 (ಭಾರತದ ಸಮಯ ಎಂಬ ಗುರುತು) ಬರೆಸಿ. ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯದಲ್ಲಿ) ಇದ್ದರೆ ಒಂದನೇ ತಾರೀಖು ರಾತ್ರಿ 12:30ಕ್ಕೆ ಓಡಿದ ಸಂಬಳ ಹಿಂದಿನ ದಿನದ 19:00 ಎಂದು ಕೂರುತ್ತದೆ. ಇದರಿಂದ ನಾನು ಒಂದು ಇಡೀ ರಾತ್ರಿ ತಪ್ಪು ತಿಂಗಳನ್ನೇ ತಡಕಾಡಿದ್ದೇನೆ.

ನನ್ನ ಓಟು ಜೇಸನ್‌ಗೆ, ಮುಖ್ಯವಾಗಿ ಗುಟ್ಟಿನ ಕಾರಣಕ್ಕೆ. ಬ್ಯಾಂಕ್ ಖಾತೆ, ಪ್ಯಾನ್ ಬೇರೆ ಬೇರೆ ಅಂಕಣದಲ್ಲಿದ್ದರೆ ಹೆಸರು ಹಿಡಿದು ಮರೆಮಾಡಬಹುದು. ಸಾದಾ ಸಾಲಿನಲ್ಲಿ ಅವು ಎಲ್ಲಿ ನುಸುಳುತ್ತವೋ ಹೇಳಲಾಗದು.