ಹಿನ್ನೀರಿನ ದಂಡೆಗೆ ಯಾವ ರಾಡ್: ಆರೂವರೆ ಅಡಿಯದೋ, ಏಳೋ, ಎಂಟೋ?

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಿಂತು ಮೀನಿಗೆ ಲೂರ್ (ಮೀನು ಸೆಳೆಯುವ ನಕಲಿ ಎರೆ) ಎಸೆಯುವವರು ಒಂದೇ ರಾಡ್ ಕೊಳ್ಳುವುದಾದರೆ ಎಂಟು ಅಡಿಯ ಮೀಡಿಯಂ (ನಡು ಬಿಗಿತದ್ದು) ಕೊಳ್ಳಿ. ಕೆರೆಯ ಕೊರವ ಮೀನಿನ ಬೆನ್ನು ಹತ್ತಿದವರ ಲೆಕ್ಕ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಹೋಲಿಸಿ ನೋಡಿದ್ದು ಮೂರು ರಾಡ್: ಆರೂವರೆ ಅಡಿಯ ಮೀಡಿಯಂ ಲೈಟ್ (5–15 ಗ್ರಾಂ ತೂಕದ ಲೂರ್‌ಗೆ), ಏಳು ಅಡಿಯ, ಹೆಚ್ಚು ಬಿಗಿಯಾದ ಮೀಡಿಯಂ ಹೆವಿ (10–35 ಗ್ರಾಂ), ಎಂಟು ಅಡಿಯ ಮೀಡಿಯಂ (10–30 ಗ್ರಾಂ). ಮೂರೂ ಕಾರ್ಬನ್, ಎರಡು ತುಂಡಿನವು. ಎಸೆದು ನೋಡುವಾಗ ಮೂರಕ್ಕೂ 20 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ದಾರ).

ಆರೂವರೆ ಅಡಿಯದು ಕೈಗೆ ಹಗುರ. 7 ಗ್ರಾಂ ಸ್ಪಿನ್ನರ್‌ಗೆ (ತಗಡು ತಿರುಗುವ ಲೂರ್) ಸೊಗಸಾಗಿ ಬಾಗುತ್ತದೆ, ಸಣ್ಣ ಹಳ್ಳಕ್ಕೆ ಸಾಕು. ಹಿನ್ನೀರಿನಲ್ಲಿ ಮಾತ್ರ ಸೋಲುತ್ತದೆ. ಮುಂಗಾರಿನ ಗಾಳಿ ಎದುರಾದರೆ ಹಗುರ ಲೂರ್ ಅರ್ಧ ದಾರಿಗೇ ಬೀಳುತ್ತದೆ, ಸಡಿಲಾದ ದಾರ ರೀಲಿನ ಸ್ಪೂಲ್ (ದಾರ ಸುತ್ತುವ ಉರುಳೆ) ಮೇಲೆ ಕುಣಿಕೆಯಾಗಿ ಮುಂದಿನ ಎಸೆತಕ್ಕೆ ಗಂಟಾಗುತ್ತದೆ. ದೂರಕ್ಕೆಂದು 20 ಗ್ರಾಂ ಸ್ಪೂನ್ (ಚಮಚದಾಕಾರದ ಲೋಹದ ಲೂರ್) ಕಟ್ಟಿದರೆ ತುದಿ ಮುರಿಯುವ ಭಯ. ರಾಡ್ ಮೇಲೆ ಬರೆದ ತೂಕದ ಕೊನೆಯ ಅಂಕಿಯನ್ನು ನಂಬಬೇಡಿ. ಯಾವ ರಾಡ್ ಆದರೂ ಅದರ ನಡುವಿನ ತೂಕದಲ್ಲೇ ಚೆನ್ನಾಗಿ ಎಸೆಯುತ್ತದೆ.

ಎಂಟು ಅಡಿಯದು ಗೆದ್ದದ್ದು 18–22 ಗ್ರಾಂ ಸ್ಪೂನ್‌ನಲ್ಲಿ. ತುದಿ ದೊಡ್ಡ ಕಮಾನಿನಲ್ಲಿ ಸುತ್ತುವುದರಿಂದ ಅದೇ ಕೈಬಲಕ್ಕೆ ಲೂರ್ ಹೆಚ್ಚು ವೇಗ ಪಡೆಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನ ಎರೆಮಣ್ಣು ಮೊಣಕಾಲುದ್ದ ಹೂಳುತ್ತದೆ. ಗಟ್ಟಿ ನೆಲದಲ್ಲೇ ನಿಂತು ಆಳದ ನೀರು ಮುಟ್ಟಲು ಈ ಉದ್ದ ಬೇಕೇ ಬೇಕು. ಮೇಲಾಗಿ ಕೃಷ್ಣೆಯಲ್ಲಿ ಮೊಸಳೆಗಳಿವೆ; ಅಂಚಿನಿಂದ ಎರಡು ಮಾರು ಹಿಂದೆ ನಿಂತೇ ಎಸೆಯಬೇಕು. ಬಾಳೆ ಮೀನು ದಂಡೆಯ ಕಲ್ಲಿನತ್ತ ನುಗ್ಗಿದಾಗ ದಾರವನ್ನು ಎತ್ತಿ ಹಿಡಿಯುವುದೂ ಸುಲಭ. ಅದರ ಹಲ್ಲಿಗೆ ಬ್ರೇಡ್ ತಾಳುವುದಿಲ್ಲ, ಬ್ರೇಡ್‌ಗೂ ಲೂರ್‌ಗೂ ನಡುವೆ ಒಂದು ಮೊಳ 40 ಪೌಂಡಿನ ಮೊನೊ ಲೀಡರ್ (ಒಂಟಿ ಎಳೆಯ ದಪ್ಪ ದಾರ) ಕಟ್ಟಿ.

ಇದರ ದೋಷ ತೂಕದ ಸಮತೋಲ. 2500 ಅಳತೆಯ ಸಣ್ಣ ರೀಲ್ ಹಾಕಿದರೆ ತುದಿ ಕೆಳಗೆ ಎಳೆದು ಗಂಟೆಯೊಳಗೆ ಮಣಿಕಟ್ಟು ನೋಯುತ್ತದೆ. ಅದಕ್ಕಿಂತ ದೊಡ್ಡ 4000ದ್ದು ಹಾಕಿದಾಗ ಸರಿಹೋಯಿತು. ಸ್ಪೂಲ್ ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು ದಾರ ತುಂಬಿ, ಎಸೆದ ಮೇಲೆ ಬೇಲ್ (ರೀಲಿನ ಮೇಲಿನ ತಂತಿ ಕಮಾನು) ಅನ್ನು ಕೈಯಿಂದಲೇ ಮುಚ್ಚಿ. ಗಂಟಿನ ಕಾಟ ಬಹಳ ಕಡಿಮೆಯಾಗುತ್ತದೆ.

ಇನ್ನು ಕೊರವ. ಅಂತರಗಂಗೆ, ಜೊಂಡು ತುಂಬಿದ ಕೆರೆಯಲ್ಲಿ ದೂರಕ್ಕಿಂತ ಎಳೆಯುವ ಬಲ ಮುಖ್ಯ. ಇಲ್ಲಿ ಎಂಟು ಅಡಿಯದು ಬಾಗಿಬಿಡುತ್ತದೆ, ಅಷ್ಟರಲ್ಲಿ ಮೀನು ಬೇರಿನೊಳಗೆ ಸೇರಿರುತ್ತದೆ. ಏಳು ಅಡಿಯ ಮೀಡಿಯಂ ಹೆವಿಗೆ 40 ಪೌಂಡಿನ ಬ್ರೇಡ್, 12–15 ಗ್ರಾಂ ರಬ್ಬರ್ ಕಪ್ಪೆ: ಇದೇ ಸರಿಯಾದ ಜೋಡಿ. ನೀರು ಸಿಡಿದ ಕೂಡಲೇ ಜಗ್ಗಬೇಡಿ. ಕಪ್ಪೆ ಮುಳುಗಿ ದಾರ ಬಿಗಿಯಾದ ಮೇಲೆ ಜೋರಾಗಿ ಎಳೆಯಿರಿ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಮೇಲೆ ಆಡುತ್ತಿದ್ದರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಎಸೆಯಲೇಬೇಡಿ, ಕಾವಲು ಹೋದರೆ ಮರಿಗಳನ್ನು ಬೇರೆ ಮೀನು ತಿಂದುಬಿಡುತ್ತವೆ.

ಗಾಜಿನ ನಾರಿನ ರಾಡ್ ಬಡಿದರೂ ತಾಳುತ್ತದೆ, ಆದರೆ ಭಾರ, ದಿನವಿಡೀ ಎಸೆಯಲಾಗದು. ಮಕ್ಕಳಿಗೆ ಕಲಿಸಲು ಒಳ್ಳೆಯದು.

ಅಂಗಡಿಯಲ್ಲೇ ಒಂದಿಷ್ಟು ಹತ್ತಿ ತೆಗೆದು ರಾಡ್‌ನಲ್ಲಿ ದಾರ ಹಾಯುವ ಪ್ರತಿ ಉಂಗುರದೊಳಗೆ ತಿರುವಿ ನೋಡಿ. ಎಳೆ ಸಿಕ್ಕಿಕೊಂಡರೆ ಒಳಗೆ ಬಿರುಕಿದೆ, ಆ ಬಿರುಕು ಬ್ರೇಡ್ ಅನ್ನು ಸವೆಸಿ ಕತ್ತರಿಸುತ್ತದೆ. ಎರಡು ತುಂಡು ಕೂಡುವಲ್ಲಿ ಮೇಣದಬತ್ತಿ ಸವರಿ ಬಿಗಿಮಾಡಿ; ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡದಿದ್ದರೆ ತುದಿ ಲೂರ್ ಜೊತೆಗೇ ಹಾರಿಹೋಗುತ್ತದೆ. ಮೀನನ್ನು ಎತ್ತುವಾಗ ರಾಡ್ ನೆಟ್ಟಗೆ ನಿಲ್ಲಿಸಬೇಡಿ, ಕಾರ್ಬನ್ ಮುರಿಯುವುದು ಹೆಚ್ಚಾಗಿ ಆಗಲೇ, ಬಲೆ ಹಿಡಿಯಿರಿ.

ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ನದಿದಂಡೆಯ ಪಂಪ್‌ಸೆಟ್‌ಗಳಿಗೆ ಎಳೆದ ತಂತಿಗಳು ಎಷ್ಟೋ ಕಡೆ ಜೋತುಬಿದ್ದಿರುತ್ತವೆ. ಎಂಟು ಅಡಿಯ ರಾಡ್ ಹೆಗಲ ಮೇಲಿಟ್ಟು ನಡೆಯುವಾಗ ಮೊದಲು ಮೇಲೆ ನೋಡಿ. ಗುಡುಗು ಕೇಳಿಸಿದರೆ ಬಿಚ್ಚಿ ಕಟ್ಟಿ ಹೊರಡಿ.